ಕಣ ಕಟ್ಟಿಸುವ ಮುನ್ನ ಕರಾರು: ಮೀರಿದ ಹಣ ಯಾರ ತಲೆಗೆ?



ಮಳೆ ಹಿಂದೆಗೆದು ಅರೇಬಿಕಾ ಹಣ್ಣು ಬಣ್ಣ ತಿರುಗುವ ವೇಳೆಗೆ ನಮ್ಮ ಕಡೆಯ ತೋಟಗಳಲ್ಲಿ ಎರಡು ಕೆಲಸಗಳಿಗೆ ಒಟ್ಟಿಗೇ ಅವಸರ ಬೀಳುತ್ತದೆ. ಒಂದು, ಕೊಯ್ಲಿಗೆ ಆಳುಗಳನ್ನು ಹೊಂದಿಸುವುದು. ಇನ್ನೊಂದು, ಮಳೆಗಾಲಕ್ಕೆ ಮೊದಲೇ ಮುಗಿಯಬೇಕಿದ್ದ ಕಣವನ್ನೋ, ಪಲ್ಪರ್ ಮನೆಯನ್ನೋ, ಗೋದಾಮನ್ನೋ ಹೇಗಾದರೂ ಮಾಡಿ ಮುಗಿಸಿಕೊಳ್ಳುವುದು. ಮೊದಲನೆಯದರ ಬಗ್ಗೆ ನಾವು ಸಭೆ ಸೇರಿದಾಗಲೆಲ್ಲ ಮಾತನಾಡುತ್ತೇವೆ. ಎರಡನೆಯದರ ಬಗ್ಗೆ, ಅಂದರೆ ಕಟ್ಟಡದ ಕೆಲಸವನ್ನು ಇನ್ನೊಬ್ಬರಿಗೆ ವಹಿಸುವಾಗ ಬರೆದುಕೊಳ್ಳಬೇಕಾದ ಕರಾರಿನ ಬಗ್ಗೆ, ಮಾತು ಕಡಿಮೆ. ಸಿಮೆಂಟು, ಜಲ್ಲಿ, ಕಬ್ಬಿಣದ ದರವನ್ನು ನಾಲ್ಕು ಅಂಗಡಿಯಲ್ಲಿ ವಿಚಾರಿಸುವವರೂ ಕರಾರು ಪತ್ರವೆಂದ ಕೂಡಲೇ ‘ಅದೆಲ್ಲ ದೊಡ್ಡವರಿಗೆ’ ಎಂದುಬಿಡುತ್ತಾರೆ.

ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಸಣ್ಣ ಹಿಡುವಳಿದಾರರು. ಅರಕಲಗೂಡಿನ ಮಲೆನಾಡಿನಂಚಿನಲ್ಲಿ ಕಾಫಿ. ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಗೆ ಬಂದರೆ ತೆಂಗಿನ ಜೊತೆಗೆ ಅಡಿಕೆ. ಬೆಳೆ ಯಾವುದೇ ಇರಲಿ, ಒಣಗಿಸಲು ಹದವಾದ ನೆಲ ಬೇಕು, ಒಣಗಿದ್ದನ್ನು ಇಡಲು ಸೂರು ಬೇಕು. ಇವನ್ನು ಒಬ್ಬ ಬೆಳೆಗಾರ ಜೀವಮಾನದಲ್ಲಿ ಒಮ್ಮೆಯೋ ಎರಡು ಸಲವೋ ಕಟ್ಟಿಸುತ್ತಾನೆ. ಮೇಸ್ತ್ರಿಯಾದರೋ ಪ್ರತಿ ವರ್ಷವೂ ಕಟ್ಟುತ್ತಿರುತ್ತಾನೆ. ಅನುಭವ ಯಾರ ಕಡೆಗಿದೆಯೆಂದು ಬೇರೆ ಹೇಳಬೇಕಾಗಿಲ್ಲ.

ನಮ್ಮಲ್ಲಿ ಕರಾರು ಹೇಗಾಗುತ್ತದೆಂಬುದನ್ನು ನೋಡಿ.

“ಒಟ್ಟು ಎಷ್ಟಾಗ್ಬೋದು ಮೇಸ್ತ್ರಿ?”

“ನಿಮ್ಮ ಹತ್ರ ಜಾಸ್ತಿ ಕೇಳ್ತೀನಾ ಗೌಡ್ರೇ? ಶುರು ಮಾಡೋಣ, ಆಮೇಲೆ ನೋಡ್ಕೊಳೋಣ.”

ಈ ‘ಆಮೇಲೆ ನೋಡ್ಕೊಳೋಣ’ ಎಂಬ ಮಾತೇ ಮುಂದಿನ ಎಲ್ಲ ಮನಸ್ತಾಪದ ಬೇರು. ಇಬ್ಬರಲ್ಲಿ ಯಾರೂ ಕೆಟ್ಟವರಲ್ಲ. ಆದರೆ ಅಂದಾಜು ಮೀರಿದಾಗ ಮೀರಿದ ಹಣವನ್ನು ಯಾರು ಹೊರಬೇಕೆಂಬ ಒಂದು ಪ್ರಶ್ನೆಯನ್ನು ಅವರು ಕೇಳಿಕೊಳ್ಳಲೇ ಇಲ್ಲ. ಕಟ್ಟಡದ ಕರಾರು ನಾಲ್ಕು ಪುಟದ್ದಿರಲಿ ನಾನೂರು ಪುಟದ್ದಿರಲಿ, ಅದರ ಮುಖ್ಯ ಕೆಲಸ ಈ ಪ್ರಶ್ನೆಗೆ ಮೊದಲೇ ಉತ್ತರ ಬರೆದಿಡುವುದು.

ಕೊಯ್ಲಿನ ಲೆಕ್ಕ, ಕಟ್ಟಡದ ಲೆಕ್ಕ

ಇದು ಬೆಳೆಗಾರರಿಗೆ ಹೊಸ ವಿಷಯವೇನೂ ಅಲ್ಲ. ಕಾಫಿ ಕೊಯ್ಲಿನಲ್ಲಿ ದಿನಗೂಲಿಯ ಲೆಕ್ಕ ಬೇರೆ, ಕಿಲೋ ಲೆಕ್ಕ ಬೇರೆ ಎಂಬುದು ಎಲ್ಲರಿಗೂ ಗೊತ್ತು. ಕಿಲೋ ಲೆಕ್ಕದಲ್ಲಿ ಕೊಯ್ಲು ಬೇಗ ಸಾಗುತ್ತದೆ, ಆದರೆ ಹಸಿಕಾಯಿಯೂ ಚೀಲಕ್ಕೆ ಬೀಳುತ್ತದೆ, ರೆಕ್ಕೆಯೂ ಮುರಿಯುತ್ತದೆ. ದಿನಗೂಲಿಯಲ್ಲಿ ಹಣ್ಣು ಚೊಕ್ಕಟ, ದಿನಗಳು ಹೆಚ್ಚು. ಅಡಿಕೆಯನ್ನು ಮರದ ಮೇಲೆಯೇ ಖೇಣಿಗೆ ಕೊಟ್ಟರೆ ಕೊಯ್ಲು, ಸುಲಿತ, ಬೇಯಿಸುವಿಕೆಯ ತಲೆನೋವೆಲ್ಲ ಖೇಣಿದಾರನದು. ಬೆಲೆ ಏರಿದರೆ ಲಾಭವೂ ಅವನದೇ. ಹಣದ ಲೆಕ್ಕ ಹೇಗೋ ಕೆಲಸದ ನಡೆಯೂ ಹಾಗೆ.

ಕಟ್ಟಡದಲ್ಲೂ ಇಷ್ಟೇ. ಸಾಮಾನೆಲ್ಲ ಮಾಲೀಕನದು, ಮೇಸ್ತ್ರಿಗೆ ಕೂಲಿ ಮಾತ್ರ ಎಂದರೆ ಅದು ದಿನಗೂಲಿಯ ಜಾತಿ. ಕೆಲಸ ನಿಧಾನವಾದರೂ ಸಾಮಾನು ಪೋಲಾದರೂ ನಷ್ಟ ಮಾಲೀಕನದು. ಸಾಮಾನು ಸಹಿತ ಚದರಕ್ಕೆ ಇಷ್ಟು ಎಂದರೆ ಅದು ಖೇಣಿಯ ಜಾತಿ. ನಷ್ಟದ ಭಯ ಮೇಸ್ತ್ರಿಗೆ ಸೇರುತ್ತದೆ; ಹಾಗಾಗಿ ಎಲ್ಲಿ ಉಳಿಸಬಹುದೋ ಅಲ್ಲೆಲ್ಲ ಅವನು ಉಳಿಸುತ್ತಾನೆ. ಉಳಿಸಲು ಅತ್ಯಂತ ಸುಲಭವಾದ ಜಾಗ, ಒಮ್ಮೆ ಮುಚ್ಚಿದ ಮೇಲೆ ಕಣ್ಣಿಗೆ ಕಾಣದ ಜಾಗ.

ಒಂದು ಲೆಕ್ಕ ಹಾಕೋಣ. 60 ಅಡಿ ಉದ್ದ, 40 ಅಡಿ ಅಗಲದ ಕಣವೆಂದರೆ 2,400 ಚದರಡಿ, ನಮ್ಮ ಆಡುಮಾತಿನಲ್ಲಿ 24 ಚದರ. ನಾಲ್ಕು ಅಂಗುಲ ದಪ್ಪ ಕಾಂಕ್ರೀಟು ಹಾಕಿದರೆ 800 ಘನ ಅಡಿ ಆಗುತ್ತದೆ. ಮೂರೇ ಅಂಗುಲ ಹಾಕಿದರೆ 600. ಮೇಲಿನಿಂದ ನೋಡಿದರೆ ಎರಡೂ ಒಂದೇ ಕಣ, ಎರಡೂ 24 ಚದರ. ಕಾಲು ಭಾಗ ಕಾಂಕ್ರೀಟು ಎಲ್ಲಿ ಹೋಯಿತೆಂದು ಚದರದ ಲೆಕ್ಕ ಹೇಳುವುದಿಲ್ಲ. ಮಿಶ್ರಣಕ್ಕೆ ಬಂದರೆ ವ್ಯತ್ಯಾಸ ಇನ್ನೂ ದೊಡ್ಡದು. ಆ 800 ಘನ ಅಡಿಗೆ 1:2:4 ಮಿಶ್ರಣದಲ್ಲಿ 50 ಕಿಲೋ ತೂಕದ ಸುಮಾರು 143 ಚೀಲ ಸಿಮೆಂಟು ಬೇಕು. 1:1½:3 ಆದರೆ ಸುಮಾರು 182 ಚೀಲ. 1:3:6 ಆದರೆ ನೂರರ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ದಪ್ಪ, ಮಿಶ್ರಣ ಎರಡನ್ನೂ ಬರೆಯದೆ ‘ಚದರಕ್ಕೆ ಇಷ್ಟು’ ಎಂದು ಒಪ್ಪಿಕೊಂಡವರು ಏನನ್ನು ಕೊಂಡೆವೆಂಬುದನ್ನೇ ತಿಳಿಯದೆ ಬೆಲೆ ಒಪ್ಪಿಕೊಂಡಂತೆ.

ಕಣದ ವಿಷಯದಲ್ಲಿ ಇದಕ್ಕೆ ಬೆಲೆ ತೆರುವುದು ಬೆಳೆ. ನೆಲ ಕುಸಿದು ತಗ್ಗಾದ ಕಡೆ ನೀರು ನಿಲ್ಲುತ್ತದೆ, ಬಿರುಕಿನಲ್ಲಿ ಮಣ್ಣು ಏಳುತ್ತದೆ, ಅಕಾಲದ ಒಂದು ಮಳೆಗೆ ಪಾರ್ಚ್‌ಮೆಂಟು ಬೂಷ್ಟು ಹಿಡಿಯುತ್ತದೆ. ವರ್ಷದ ದುಡಿಮೆ ಅಲ್ಲಿ ಹೋಯಿತು.

ಸರಕಾರದ ಕಾಗದದಲ್ಲಿ ಏನಿದೆ

ಟೆಂಡರು, ಎಸ್ಟಿಮೇಟು, ಎಂ.ಬಿ. ಎಂಬ ಮಾತುಗಳು ನಮ್ಮ ಜನಕ್ಕೆ ಹೊಸವಲ್ಲ. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟೆ 1979ರಲ್ಲಿ ಪೂರ್ಣವಾಯಿತು. ಅಣೆಕಟ್ಟೆಯೂ ಅದರ ಕಾಲುವೆಗಳೂ ಏಳುವುದನ್ನು ಕಂಡ ತಲೆಮಾರು ಈ ಮಾತುಗಳನ್ನು ಕೇಳಿಯೇ ಬೆಳೆದಿದೆ. ಆದರೆ ಆ ಕಾಗದಗಳ ಒಳಗೆ ಏನಿರುತ್ತದೆಂದು ನೋಡಿದವರು ಕಡಿಮೆ.

ಕರ್ನಾಟಕದಲ್ಲಿ ಸರಕಾರಿ ಕಾಮಗಾರಿಗಳಿಗೆ ‘ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999’ ಇದೆ. ಅದರ ನಿಯಮಗಳು 2000ದಲ್ಲಿ ಬಂದವು. ಕಾಮಗಾರಿಯ ಮೊತ್ತಕ್ಕೆ ತಕ್ಕಂತೆ ಬಳಸಲು ಕೆ.ಡಬ್ಲ್ಯು. ಎಂಬ ಹೆಸರಿನ, ಸಂಖ್ಯೆ ಹಾಕಿದ ಸಿದ್ಧ ಟೆಂಡರು ನಮೂನೆಗಳಿವೆ. ಚಿಕ್ಕ ಕೆಲಸಕ್ಕೆ ಚಿಕ್ಕ ನಮೂನೆ, ದೊಡ್ಡದಕ್ಕೆ ದೊಡ್ಡದು. ಖಾಸಗಿಯವರು ಇವನ್ನು ಅನುಸರಿಸಬೇಕೆಂಬ ಕಟ್ಟುಪಾಡಿಲ್ಲ, ಓದಿ ಕಲಿಯಲು ಅಡ್ಡಿಯೂ ಇಲ್ಲ. ಅವುಗಳಲ್ಲಿ ನಮಗೆ ಬೇಕಾದ ವಿಷಯಗಳು ಮೂರೋ ನಾಲ್ಕೋ ಅಷ್ಟೇ. ಯಾವ ಕೆಲಸಕ್ಕೆ ಯಾವ ಅಳತೆ, ಯಾವ ದರ ಎಂಬ ಪಟ್ಟಿ. ಅಳೆದು ಬರೆದ ಮೇಲೆಯೇ ಹಣ ಎಂಬ ನಿಯಮ. ಬಿಲ್ಲಿನ ಒಂದು ಪಾಲನ್ನು ಕೆಲಸದ ಭದ್ರತೆಗಾಗಿ ಹಿಡಿದಿಡುವುದು. ಕೆಲಸ ಮುಗಿದ ಮೇಲೂ ಒಂದು ಅವಧಿಯವರೆಗೆ ದೋಷ ಕಂಡರೆ ಗುತ್ತಿಗೆದಾರನೇ ಸರಿಪಡಿಸಬೇಕೆಂಬ ಷರತ್ತು. ದರ ಸರಿಯೋ ತಪ್ಪೋ ತಿಳಿಯಬೇಕಾದರೆ ಲೋಕೋಪಯೋಗಿ ಇಲಾಖೆ ಪ್ರಕಟಿಸುವ ದರಪಟ್ಟಿ ಇದೆ. ಅದನ್ನೇ ಎಸ್.ಆರ್. ಎನ್ನುವುದು. ಮಾರುಕಟ್ಟೆಯ ದರಕ್ಕೂ ಅದಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ. ಆದರೂ ಮೇಸ್ತ್ರಿ ಹೇಳಿದ ಅಂಕಿಯ ಪಕ್ಕದಲ್ಲಿ ಇಟ್ಟು ನೋಡಲು ಒಂದು ಅಳತೆಗೋಲು ಸಿಕ್ಕಿದಂತಾಗುತ್ತದೆ.

ಈ ನಮೂನೆಗಳ ಒಂದು ಮಿತಿಯನ್ನೂ ಹೇಳಬೇಕು. ಇಲ್ಲಿ ಮೊದಲು ನಕ್ಷೆ, ಎಸ್ಟಿಮೇಟು ಸಿದ್ಧವಾಗಬೇಕು. ಕಟ್ಟುವವನು ಬರುವುದು ಅದಾದ ಮೇಲೆ. ನಕ್ಷೆಯಲ್ಲಿ ತಪ್ಪಿದ್ದರೆ ಅದು ಗೊತ್ತಾಗುವುದು ಪಾಯ ತೋಡಿದ ಮೇಲೆ.

ಹೊಣೆ ಹೊತ್ತ ನಿರ್ವಾಹಕ

ಈ ಕೊರತೆಗೆ ಅಮೆರಿಕದವರು ಕಂಡುಕೊಂಡ ಒಂದು ದಾರಿಗೆ ‘ಕನ್‌ಸ್ಟ್ರಕ್ಷನ್ ಮ್ಯಾನೇಜರ್ ಅಟ್ ರಿಸ್ಕ್’ ಎಂದು ಹೆಸರು. ಹೊಣೆ ಹೊತ್ತ ನಿರ್ಮಾಣ ನಿರ್ವಾಹಕ ಎನ್ನಬಹುದು. ಅಲ್ಲಿ ಆಸ್ಪತ್ರೆ, ಶಾಲೆ, ಕಾಲೇಜುಗಳಂಥ ದೊಡ್ಡ ಕಟ್ಟಡಗಳಿಗೆ ಈ ಪದ್ಧತಿ ರೂಢಿಯಲ್ಲಿದೆ. ಆ ದೇಶದ ವಾಸ್ತುಶಿಲ್ಪಿಗಳ ಸಂಸ್ಥೆ ಎ.ಐ.ಎ., ಕಟ್ಟಡ ಗುತ್ತಿಗೆದಾರರ ಸಂಘದೊಡನೆ ಕೂಡಿ 1888ರಷ್ಟು ಹಿಂದೆಯೇ ಒಂದು ಏಕರೂಪದ ಕರಾರು ಪತ್ರವನ್ನು ಹೊರತಂದಿತ್ತು. ಈಗ ಈ ಪದ್ಧತಿಗೆಂದೇ ಅದರ ಎ-133 ಎಂಬ ಸಿದ್ಧ ಪತ್ರವಿದೆ, 2019ರಲ್ಲಿ ಪರಿಷ್ಕರಣೆಯಾಯಿತು. ನಮ್ಮ ಕಣಕ್ಕೂ ಅಮೆರಿಕದ ಆಸ್ಪತ್ರೆಗೂ ಏನು ಸಂಬಂಧವೆಂದು ಓದುಗರು ನಗಬಹುದು. ಪತ್ರವನ್ನು ತಂದು ಇಲ್ಲಿ ಸಹಿ ಹಾಕಿ ಎಂದು ಯಾರೂ ಹೇಳುತ್ತಿಲ್ಲ. ಅದರೊಳಗಿನ ಯುಕ್ತಿ ಮಾತ್ರ ನೋಡತಕ್ಕದ್ದು.

ಕಟ್ಟುವವನನ್ನು ನಕ್ಷೆ ಬರೆಯುವ ಹಂತದಲ್ಲೇ ಕರೆಯುತ್ತಾರೆ. ‘ಈ ಮೂಲೆಯಲ್ಲಿ ನೆಲ ಮೆದು, ಪಾಯ ಹೆಚ್ಚು ಹೋಗುತ್ತದೆ, ಕಣವನ್ನು ಆಚೆ ಸರಿಸಿ’ ಎಂಬಂಥ ಸಲಹೆ ಕೊಡುವುದು ಅವನ ಮೊದಲ ಕೆಲಸ, ಅದಕ್ಕೆ ಬೇರೆ ಸಂಭಾವನೆ. ನಕ್ಷೆ ಒಂದು ಹದಕ್ಕೆ ಬಂದ ಮೇಲೆ ಅವನು ಒಂದು ಮೇಲ್ಮಿತಿ ಮೊತ್ತವನ್ನು ಬರೆದುಕೊಡುತ್ತಾನೆ: ಇದಕ್ಕಿಂತ ಒಂದು ರೂಪಾಯಿ ಹೆಚ್ಚಾದರೂ ನನ್ನದು. ಮಾಲೀಕ ಆ ಮೊತ್ತವನ್ನು ಒಪ್ಪಿದ ಮೇಲೆಯೇ ಕಟ್ಟಡದ ಹಂತದ ಕರಾರು ಜಾರಿಗೆ ಬರುವುದು. ಅಲ್ಲಿಂದ ಮುಂದೆ ಮಾಲೀಕ ಕೊಡುವುದು ನಿಜವಾಗಿ ತಗುಲಿದ ಖರ್ಚು ಮತ್ತು ಮೊದಲೇ ಒಪ್ಪಿದ ಸಂಭಾವನೆ, ಆ ಮಿತಿಯವರೆಗೆ ಮಾತ್ರ. ಲೆಕ್ಕದ ಪುಸ್ತಕ ತೆರೆದಿರುತ್ತದೆ. ಪ್ರತಿ ಬಿಲ್ಲನ್ನೂ ಮಾಲೀಕ ನೋಡಬಹುದು. ಉಳಿತಾಯವಾದರೆ ಅದನ್ನು ಹೇಗೆ ಹಂಚಿಕೊಳ್ಳಬೇಕೆಂದೂ ಬರೆದಿರುತ್ತಾರೆ. ತನ್ನ ಅಜಾಗರೂಕತೆಯಿಂದ ಆದ ನಷ್ಟ, ತನ್ನ ಮುಖ್ಯ ಕಚೇರಿಯ ಖರ್ಚು ಇವನ್ನೆಲ್ಲ ಕಟ್ಟಡದ ಲೆಕ್ಕಕ್ಕೆ ಸೇರಿಸುವಂತಿಲ್ಲ.

ದಿನಗೂಲಿಯ ತೆರೆದ ಲೆಕ್ಕವನ್ನೂ ಖೇಣಿಯ ಕಟ್ಟುಬೆಲೆಯನ್ನೂ ಒಂದೇ ಕಾಗದದಲ್ಲಿ ಕಸಿ ಕಟ್ಟಿದಂತಿದೆ ಇದು.

ಅಂಕಿಯಲ್ಲಿ ನೋಡೋಣ. ಇದು ತಿಳಿವಳಿಕೆಗಾಗಿ ಹಿಡಿದ ಅಂಕಿ, ದರವೆಂದು ತಿಳಿಯಬಾರದು. ಕಣ ಮತ್ತು ಅದರ ಪಕ್ಕದ ಒಂದು ಸಣ್ಣ ಗೋದಾಮಿಗೆ ಅಂದಾಜು ಖರ್ಚು 5,00,000 ರೂಪಾಯಿ, ಮೇಸ್ತ್ರಿಯ ಸಂಭಾವನೆ 40,000, ಎಣಿಸದೆ ಬರುವ ಖರ್ಚಿಗೆಂದು ಇಟ್ಟದ್ದು 30,000. ಮೇಲ್ಮಿತಿ 5,70,000 ಎಂದಾಯಿತು. ನಿಜವಾದ ಖರ್ಚು 4,90,000ಕ್ಕೆ ನಿಂತರೆ ಸಂಭಾವನೆ ಸೇರಿ 5,30,000. ಉಳಿದ 40,000ವನ್ನು ಅರ್ಧರ್ಧ ಹಂಚಿಕೊಳ್ಳುವ ಮಾತಾಗಿದ್ದರೆ ಮಾಲೀಕ ಕೊಡುವುದು 5,50,000. ಮೇಸ್ತ್ರಿಗೆ ಸಂಭಾವನೆಯ ಮೇಲೆ 20,000 ಲಾಭ. ಖರ್ಚೇ 6,00,000 ಆದರೆ ಸಂಭಾವನೆ ಸೇರಿ 6,40,000 ಆಗುತ್ತದೆ. ಮಾಲೀಕ ಕೊಡುವುದು 5,70,000 ಮಾತ್ರ, ಮಿಕ್ಕ 70,000 ಮೇಸ್ತ್ರಿಯ ತಲೆಗೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಸಂಭಾವನೆಯನ್ನು ‘ಖರ್ಚಿನ ಮೇಲೆ ಶೇಕಡಾ ಇಷ್ಟು’ ಎಂದು ಬರೆದರೆ ಖರ್ಚು ಹೆಚ್ಚಿದಷ್ಟೂ ಮೇಸ್ತ್ರಿಗೆ ಲಾಭ. ಕಳ್ಳನ ಕೈಗೇ ಬೀಗದ ಕೈ ಕೊಟ್ಟಂತಾಗುತ್ತದೆ. ಸಂಭಾವನೆ ಇಷ್ಟು ರೂಪಾಯಿ ಎಂದೇ ಇರಬೇಕು.

ಇನ್ನೊಂದು, ಮೇಲ್ಮಿತಿಯೆಂಬುದು ನಕ್ಷೆಯಲ್ಲಿ ಬರೆದ ಕೆಲಸಕ್ಕೆ ಮಾತ್ರ. ಕೆಲಸ ನಡೆಯುವಾಗ ಮನೆಯವರು ಬಂದು, ‘ಹೇಗೂ ಮಾಡ್ತಿದ್ದೀರಿ, ಆ ತೊಟ್ಟಿಗೂ ಒಂದು ಗಾರೆ ಹಾಕ್ಬಿಡಿ’ ಎಂದರೆ ಮಿತಿ ಆ ಕ್ಷಣದಲ್ಲೇ ತೂತಾಯಿತು. 1872ರ ಭಾರತೀಯ ಕರಾರು ಅಧಿನಿಯಮದ 70ನೇ ಕಲಮಿನ ಪ್ರಕಾರ, ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ ಒಬ್ಬನು ನ್ಯಾಯವಾಗಿ ಮಾಡಿಕೊಟ್ಟ ಕೆಲಸದ ಪ್ರಯೋಜನವನ್ನು ಇನ್ನೊಬ್ಬನು ಪಡೆದರೆ, ಬರವಣಿಗೆ ಇಲ್ಲದಿದ್ದರೂ ಅದರ ಬೆಲೆ ಕೊಡಬೇಕಾಗುತ್ತದೆ. ಆದ್ದರಿಂದ ಹೆಚ್ಚುವರಿ ಕೆಲಸ ಹೇಳುವಾಗಲೇ ಒಂದು ಚೀಟಿ: ಏನು ಕೆಲಸ, ಎಷ್ಟು ಹಣ, ಎಷ್ಟು ದಿನ. ಇಬ್ಬರ ಸಹಿ.

ಹೊರಲಾರದವನ ಮೇಲೆ ಹೊರೆ

ಇಷ್ಟು ಓದಿದವರು ಮೇಲ್ಮಿತಿ ಬರೆಸಿಕೊಂಡರೆ ಸಾಕು, ಇನ್ನು ಚಿಂತೆಯಿಲ್ಲ ಎಂದು ತೀರ್ಮಾನಿಸಬಾರದು. ಎಪ್ಪತ್ತು ಸಾವಿರ ನಷ್ಟ ಬಂದಾಗ ಅದನ್ನು ಭರಿಸುವ ಶಕ್ತಿ ಮೇಸ್ತ್ರಿಗೆ ಇದೆಯೇ? ವಾರದ ಬಟವಾಡೆಯನ್ನು ನಿಮ್ಮ ಮುಂಗಡದಿಂದಲೇ ಮಾಡುವವನು ಆ ಹಣವನ್ನು ಎಲ್ಲಿಂದ ತರುತ್ತಾನೆ? ಅವನು ಮಾಡುವುದು ಒಂದೇ, ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದು ಊರಿನಲ್ಲಿ ಮುಂಗಡ ಹಿಡಿಯುವುದು. ಕಾಗದದಲ್ಲಿ ಗೆದ್ದ ಮಾಲೀಕ ಅರ್ಧ ಕಣದ ಮುಂದೆ ನಿಂತಿರುತ್ತಾನೆ.

ದೊಡ್ಡ ಕೆಲಸಗಳಲ್ಲೂ ಹೀಗಾಗುವುದುಂಟು. ಹಾಸನದಿಂದ ಸಕಲೇಶಪುರದ ಮೇಲೆ ಮಾರನಹಳ್ಳಿಯವರೆಗಿನ ಸುಮಾರು 45 ಕಿ.ಮೀ. ಹೆದ್ದಾರಿಯನ್ನು ಚತುಷ್ಪಥ ಮಾಡುವ ಕೆಲಸವನ್ನು ಇ.ಪಿ.ಸಿ. ಪದ್ಧತಿಯಲ್ಲಿ, ಅಂದರೆ ವಿನ್ಯಾಸ, ಸಾಮಾನು, ನಿರ್ಮಾಣ ಮೂರನ್ನೂ ಒಂದೇ ಕೈಗೆ ಒಪ್ಪಿಸಿ, ವಹಿಸಲಾಗಿತ್ತು. ಮೊದಲು ಕೆಲಸ ಹಿಡಿದ ಕಂಪನಿಯ ವಿದೇಶೀ ಮೂಲಸಂಸ್ಥೆಯೇ ದಿವಾಳಿಯ ದಾರಿ ಹಿಡಿಯಿತು. ಕೆಲಸ ಉಪಗುತ್ತಿಗೆಯ ಕೈಗೆ ಹೋಗಿ ಹೇಳಿದ ಅವಧಿ ಮೀರಿ ವರ್ಷಗಟ್ಟಲೆ ಎಳೆಯಿತು. ಆ ಧೂಳಿನಲ್ಲಿ, ಆ ಕೆಸರಿನಲ್ಲಿ ಕಾಫಿ ಮೂಟೆ ಸಾಗಿಸಿದವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಆದುದರಿಂದ ಮೇಸ್ತ್ರಿ ಬಡವನಾದರೆ ಪೂರ್ತಿ ಮೇಲ್ಮಿತಿಯ ಹೊರೆಯನ್ನು ಅವನ ಮೇಲೆ ಹೊರಿಸದಿರುವುದೇ ಜಾಣತನವೆಂದು ನನ್ನ ಅಭಿಪ್ರಾಯ. ಸಿಮೆಂಟು, ಕಬ್ಬಿಣದ ದರದ ಏರಿಳಿತ ಮೇಸ್ತ್ರಿಯ ಕೈಯಲ್ಲಿಲ್ಲ. ಅದು ಮಾಲೀಕನಿಗಿರಲಿ, ಅಂಗಡಿಯ ಹಣವನ್ನು ಮಾಲೀಕನೇ ನೇರ ಕಟ್ಟಲಿ. ಎಷ್ಟು ಚೀಲ ಸಿಮೆಂಟು ಹೋಗಬೇಕು, ಎಷ್ಟು ಆಳು ಎಷ್ಟು ದಿನ ಎಂಬುದು ಮೇಸ್ತ್ರಿಗೆ ಗೊತ್ತಿರುವ ವಿದ್ಯೆ. ಆ ಲೆಕ್ಕ ಮೀರಿದರೆ ಹೊಣೆ ಅವನದಿರಲಿ. ಯಾರ ಕೈಯಲ್ಲಿ ತಡೆಯಲು ಸಾಧ್ಯವೋ ಅವರಿಗೆ ಆ ನಷ್ಟ. ಜೊತೆಗೆ, ಮಾಡಿದ ಕೆಲಸಕ್ಕಿಂತ ಕೊಟ್ಟ ಹಣ ಎಂದೂ ಮುಂದೆ ಹೋಗಬಾರದು. ಕಂತುಗಳನ್ನು ವಾರದ ಲೆಕ್ಕಕ್ಕಲ್ಲ, ಹಂತದ ಲೆಕ್ಕಕ್ಕೆ ಕಟ್ಟಬೇಕು: ನೆಲ ದಮ್ಮಸ್ಸು ಆದ ಮೇಲೆ ಇಷ್ಟು, ಕಾಂಕ್ರೀಟು ಆದ ಮೇಲೆ ಇಷ್ಟು, ಕೊನೆಯ ಪಾಲು ತಡೆದು.

ಮುಚ್ಚಿಹೋಗುವ ಕೆಲಸವನ್ನು ಮುಚ್ಚುವ ಮೊದಲು ಇಬ್ಬರೂ ನಿಂತು ಅಳೆದು ಬರೆದಿಡಬೇಕು. ಇಲಾಖೆಯವರ ಎಂ.ಬಿ. ಪುಸ್ತಕದ ಮರ್ಮ ಇಷ್ಟೇ. ಒಂದು ನೂರು ಪುಟದ ನೋಟುಬುಕ್ಕು, ಒಂದು ಟೇಪು ಸಾಕು. ಈಗ ಮೊಬೈಲಿನಲ್ಲಿ ಚಿತ್ರ ತೆಗೆದಿಡುವುದೂ ಸುಲಭ.

ಕಾಲವೂ ಹಣವೇ

ನಗರದ ಮನೆ ಎರಡು ತಿಂಗಳು ತಡವಾದರೆ ಬಾಡಿಗೆ ನಷ್ಟ. ಕಣ ಎರಡು ತಿಂಗಳು ತಡವಾದರೆ ಒಂದು ವರ್ಷವೇ ನಷ್ಟ. ಅರೇಬಿಕಾ ಕೊಯ್ಲು ನವೆಂಬರಿನಲ್ಲಿ ಮೊದಲಾಗುತ್ತದೆ. ಫೆಬ್ರವರಿಯಲ್ಲಿ ಸಿದ್ಧವಾದ ಕಣದಿಂದ ಆ ಸಾಲಿನ ಅರೇಬಿಕಾಕ್ಕೆ ಯಾವ ಉಪಯೋಗವೂ ಇಲ್ಲ. ಕರಾರು ಅಧಿನಿಯಮದ 55ನೇ ಕಲಮು ಈ ಸಂಬಂಧದ್ದು. ಕಾಲವು ಕರಾರಿನ ಮುಖ್ಯಾಂಶವೆಂದು ಇಬ್ಬರ ಉದ್ದೇಶವಿದ್ದರೆ, ಗೊತ್ತಾದ ದಿನಕ್ಕೆ ಕೆಲಸ ಆಗದಿದ್ದಾಗ ಕರಾರನ್ನು ಬಿಡುವ ಹಕ್ಕು ಇನ್ನೊಬ್ಬನಿಗೆ ಬರುತ್ತದೆ. ಆ ಉದ್ದೇಶವಿಲ್ಲದಿದ್ದರೆ ನಷ್ಟ ಪರಿಹಾರ ಮಾತ್ರ ಕೇಳಬಹುದು. ಆದುದರಿಂದ ‘ಬೇಗ ಮುಗಿಸತಕ್ಕದ್ದು’ ಎಂದು ಬರೆದರೆ ಸಾಲದು. ದಿನಾಂಕ ಬರೆಯಬೇಕು, ಆ ದಿನಾಂಕ ಏಕೆ ಎಂಬ ಕಾರಣವನ್ನೂ ಬರೆಯಬೇಕು.

ಅದೇ ಕಲಮಿನ ಕೊನೆಯ ಭಾಗವನ್ನು ವಕೀಲರಲ್ಲದವರು ಗಮನಿಸುವುದೇ ಇಲ್ಲ. ಕಾಲ ಮುಖ್ಯವಾಗಿದ್ದ ಕೆಲಸವನ್ನು ತಡವಾಗಿ ಮಾಡಿಕೊಟ್ಟಾಗ, ‘ಪರಿಹಾರ ಕೇಳುವ ಹಕ್ಕನ್ನು ಬಿಟ್ಟಿಲ್ಲ’ ಎಂದು ಆಗಲೇ ತಿಳಿಸದೆ ಸುಮ್ಮನೆ ಒಪ್ಪಿಕೊಂಡರೆ, ಆಮೇಲೆ ಆ ತಡಕ್ಕಾಗಿ ಪರಿಹಾರ ಕೇಳುವಂತಿಲ್ಲ. ತಡವಾಯಿತು, ಸಂಕೋಚಕ್ಕೆ ಸುಮ್ಮನಿದ್ದೆವು, ಲೆಕ್ಕ ತೀರಿಸುವಾಗ ಜಗಳ ತೆಗೆದೆವು ಎಂದರೆ ಕಾನೂನು ನಮ್ಮ ಕಡೆ ಇರುವುದಿಲ್ಲ. ಒಂದು ಸಾಲಿನ ಚೀಟಿ, ಅಥವಾ ಮೊಬೈಲಿನಲ್ಲಿ ಒಂದು ಬರಹದ ಸಂದೇಶವಾದರೂ ಆ ದಿನವೇ ಹೋಗಿರಬೇಕು.

ತಡಕ್ಕೆ ದಿನಕ್ಕೆ ಇಷ್ಟು ಎಂದು ಬರೆಯುವುದೂ ರೂಢಿ. ಬರೆಯಿರಿ, ಆದರೆ ಹೆದರಿಸಲೆಂದು ಬಾಯಿಗೆ ಬಂದ ಅಂಕಿ ಬರೆಯಬೇಡಿ. 74ನೇ ಕಲಮಿನಂತೆ ನ್ಯಾಯಾಲಯ ಕೊಡಿಸುವುದು ಯುಕ್ತವಾದ ಪರಿಹಾರವನ್ನು. ಬರೆದ ಮೊತ್ತ ಅದರ ಮೇಲ್ಮಿತಿ ಮಾತ್ರ. ದಿನಕ್ಕೆ ಐದು ಸಾವಿರ ಎಂದು ಬರೆದ ಮಾತ್ರಕ್ಕೆ ಐದು ಸಾವಿರ ಸಿಕ್ಕುವುದಿಲ್ಲ.

ಮೇಸ್ತ್ರಿಯ ಪರವಾಗಿಯೂ ಒಂದು ಮಾತು. ಜಲ್ಲಿ ತರಿಸುವುದು ಮಾಲೀಕನ ಹೊಣೆಯಾಗಿದ್ದು ಅದು ಬಾರದೆ ಕೆಲಸ ನಿಂತರೆ ಆ ದಿನಗಳನ್ನು ಅವಧಿಗೆ ಸೇರಿಸಿ ಕೊಡಬೇಕು. ಅಕಾಲ ಮಳೆಗೂ ಹಾಗೆಯೇ. ಒಂದೇ ಕಡೆಗೆ ವಾಲಿದ ಕರಾರಿಗೆ ಸಹಿ ಹಾಕುವವನು ಓದದೆ ಹಾಕುತ್ತಾನೆ, ಅಷ್ಟೇ.

ಬರೆಯುವುದು ಹೀಗೆ

ಕೆಲವು ಸದಸ್ಯರಿಗೆ ಮಾದರಿ ಇದ್ದರೆ ಅನುಕೂಲವೆಂದು ಮುಖ್ಯ ಷರತ್ತುಗಳನ್ನು ಇಲ್ಲಿ ಕೊಟ್ಟಿದೆ. ಇಸವಿ, ಅಂಕಿಗಳನ್ನು ತುಂಬಿಕೊಂಡು, ತಕ್ಕ ಬೆಲೆಯ ಇ-ಸ್ಟಾಂಪು ಕಾಗದದ ಮೇಲೆ ಬರೆಸಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸತಕ್ಕದ್ದು.

‘ನಾನು, ಅಂದರೆ ಗುತ್ತಿಗೆದಾರ, ಸ್ಥಳವನ್ನು ಖುದ್ದಾಗಿ ನೋಡಿ, ಇದರ ಜೊತೆ ಲಗತ್ತಿಸಿ ಇಬ್ಬರೂ ಸಹಿ ಹಾಕಿದ ನಕ್ಷೆಯಂತೆ 60 ಅಡಿ ಉದ್ದ 40 ಅಡಿ ಅಗಲದ ಕಣವನ್ನು, ದಮ್ಮಸ್ಸು ಮಾಡಿದ ನೆಲದ ಮೇಲೆ, ನಾಲ್ಕು ಅಂಗುಲಕ್ಕೆ ಎಲ್ಲಿಯೂ ಕಡಿಮೆಯಿಲ್ಲದ ದಪ್ಪದಲ್ಲಿ, 1:2:4 ಮಿಶ್ರಣದ ಕಾಂಕ್ರೀಟಿನಿಂದ, ನೀರು ನಿಲ್ಲದಂತೆ ಪೂರ್ವಕ್ಕೆ ಇಳಿಜಾರು ಕೊಟ್ಟು ಕಟ್ಟಿಕೊಡುವುದು. ಸಾಮಾನಿನ ಬಿಲ್ಲುಗಳನ್ನು ಮಾಲೀಕರು ನೇರವಾಗಿ ಪಾವತಿ ಮಾಡುವುದು. ಸಿಮೆಂಟು ಇಷ್ಟು ಚೀಲ, ಕೂಲಿ ಇಷ್ಟು ರೂಪಾಯಿ ಮೀರಿದಲ್ಲಿ, ಮಾಲೀಕರು ಬರವಣಿಗೆಯಲ್ಲಿ ಹೇಳಿದ ಹೆಚ್ಚುವರಿ ಕೆಲಸದ ಹೊರತು, ಮೀರಿದ ಖರ್ಚು ನನ್ನದು. ಉಳಿದಲ್ಲಿ ಉಳಿತಾಯದ ಅರ್ಧ ನನಗೆ. ನನ್ನ ಸಂಭಾವನೆ ಒಟ್ಟು ಇಷ್ಟು ರೂಪಾಯಿ. ಕಾಫಿ ಕೊಯ್ಲಿಗೆ ಬೇಕಾಗಿರುವುದರಿಂದ ಇಂಥ ದಿನಾಂಕದೊಳಗೆ ಮುಗಿಸುವುದು ಈ ಕರಾರಿನ ಮುಖ್ಯಾಂಶವೆಂದು ಇಬ್ಬರೂ ಒಪ್ಪಿದ್ದೇವೆ. ಕೆಲಸ ಮುಗಿದ ಒಂದು ವರ್ಷದೊಳಗೆ ಕಂಡ ದೋಷವನ್ನು ಸ್ವಂತ ಖರ್ಚಿನಿಂದ ಸರಿಪಡಿಸಿಕೊಡುವುದು. ಅದಕ್ಕೆ ಭದ್ರತೆಯಾಗಿ ಇಷ್ಟು ರೂಪಾಯಿ ಮಾಲೀಕರಲ್ಲಿ ಇರತಕ್ಕದ್ದು.’

ಇದರ ಜೊತೆಗೆ ಜಿ.ಎಸ್.ಟಿ. ಸೇರಿದೆಯೋ ಇಲ್ಲವೋ, ಕೆಲಸಗಾರರಿಗೆ ಅಪಘಾತವಾದರೆ ವಿಮೆ ಯಾರು ಮಾಡಿಸಿರಬೇಕು, ಕಾಂಕ್ರೀಟಿಗೆ ನೀರುಣಿಸುವುದು ಯಾರ ಕೆಲಸ ಎಂಬುದನ್ನೂ ಬರೆಯಿರಿ. ಕೊನೆಯದು ಕ್ಷುಲ್ಲಕವೆಂದು ತೋರಬಹುದು. ಐ.ಎಸ್. 456 ಎಂಬ ಭಾರತೀಯ ಮಾನಕದಂತೆ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಕಾಂಕ್ರೀಟನ್ನು ಕನಿಷ್ಠ 7 ದಿನ, ಈಗ ಅಂಗಡಿಗಳಲ್ಲಿ ಹೆಚ್ಚಾಗಿ ಸಿಕ್ಕುವ ಪಿ.ಪಿ.ಸಿ. ಮುಂತಾದ ಮಿಶ್ರ ಸಿಮೆಂಟಿನದಾದರೆ ಕನಿಷ್ಠ 10 ದಿನ ತೇವವಾಗಿಡಬೇಕು. ಬೇಸಿಗೆಯಲ್ಲಿ ಕೊಳವೆಬಾವಿಯ ನೀರು ತೋಟಕ್ಕೋ ಕಣಕ್ಕೋ ಎಂಬ ಪ್ರಶ್ನೆ ಬಂದಾಗ ಕಣ ಸೋಲುತ್ತದೆ. ಮೂರು ದಿನ ನೀರು ಹಾಕಿ ಬಿಟ್ಟ ಕಣದ ಬಿರುಕಿಗೆ ಮೇಸ್ತ್ರಿಯನ್ನು ದೂರಿ ಫಲವಿಲ್ಲ.

ತಕರಾರು ಬಂದಲ್ಲಿ ಮೊದಲು ಇಬ್ಬರೂ ಒಪ್ಪಿದ ಒಬ್ಬ ಎಂಜಿನಿಯರರು ಸ್ಥಳ ನೋಡಿ ಹೇಳುವುದೆಂದು ಬರೆದುಕೊಳ್ಳುವುದು ಒಳ್ಳೆಯದು. ಅಲ್ಲಿಗೂ ತೀರದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ಲೋಕ ಅದಾಲತ್ತಿನಲ್ಲಿ ರಾಜಿಗೆ ಪ್ರಯತ್ನಿಸಬಹುದು. ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ ಇದೆಯೆಂಬುದು ನೆನಪಿರಲಿ. ಬಾಯಿಮಾತಿನ ಕರಾರಿಗೂ ಕಾನೂನಿನ ಮಾನ್ಯತೆ ಇದೆ. ತೊಂದರೆ ಬರುವುದು ಅದನ್ನು ರುಜುವಾತುಪಡಿಸುವಲ್ಲಿ.

ಒಟ್ಟುಗೂಡಿದರೆ

ಒಬ್ಬ ಸಣ್ಣ ಬೆಳೆಗಾರನ ಒಂದು ಕಣಕ್ಕೆ ನಿಜವಾದ ನಿರ್ವಾಹಕ ಸಿಕ್ಕುವುದಿಲ್ಲ, ಅದು ಅವನಿಗೆ ಗಿಟ್ಟುವುದೂ ಇಲ್ಲ. ಆದರೆ ಅಕ್ಕಪಕ್ಕದ ಐದಾರು ಜನ ಒಂದೇ ವರ್ಷ ಕಣ ಕಟ್ಟಿಸುವುದಾದರೆ ಲೆಕ್ಕವೇ ಬೇರೆ. ಒಬ್ಬ ಎಂಜಿನಿಯರರಿಗೆ ಸಂಭಾವನೆ ಕೊಟ್ಟು ಮೊದಲೇ ಎಲ್ಲರ ಸ್ಥಳ ತೋರಿಸಬಹುದು, ಜಲ್ಲಿ ಸಿಮೆಂಟನ್ನು ಒಟ್ಟಿಗೆ ತರಿಸಬಹುದು, ಸ್ವಲ್ಪ ಬಂಡವಾಳವಿರುವ ಗುತ್ತಿಗೆದಾರನಿಂದ ಐದಾರು ಕಣಕ್ಕೂ ಸೇರಿ ಮೇಲ್ಮಿತಿ ಬರೆಸಿಕೊಳ್ಳಬಹುದು. ನಷ್ಟವಾದರೂ ಒಂದರ ಮೇಲೆ ಇನ್ನೊಂದು ಸರಿದೂಗುವುದರಿಂದ ಅವನೂ ಹೊರಬಲ್ಲ.

ಸಹಕಾರ ಸಂಘವೇ ಗೋದಾಮು ಕಟ್ಟುವುದಾದರೆ ಈ ಎಚ್ಚರ ಇಮ್ಮಡಿಯಾಗಬೇಕು, ಏಕೆಂದರೆ ಖರ್ಚಾಗುವುದು ಎಲ್ಲ ಸದಸ್ಯರ ಹಣ. 2020ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಕೃಷಿ ಮೂಲಸೌಕರ್ಯ ನಿಧಿ ಯೋಜನೆ 2 ಕೋಟಿ ರೂಪಾಯಿವರೆಗಿನ ಸಾಲಕ್ಕೆ, 7 ವರ್ಷದವರೆಗೆ, ಶೇಕಡಾ 3ರ ಬಡ್ಡಿ ರಿಯಾಯಿತಿಯ ಏರ್ಪಾಡು ಮಾಡಿತು. ಗೋದಾಮು ಮತ್ತು ಪ್ರಾಥಮಿಕ ಸಂಸ್ಕರಣೆಯ ಕಟ್ಟಡಗಳು ಅದರ ವ್ಯಾಪ್ತಿಗೆ ಬರುತ್ತವೆ. ಆದರೆ ಅಂದಾಜು ಮೀರಿ ಕೈಸಾಲ ಮಾಡಿದರೆ ಆ ಹೆಚ್ಚಿನ ಮೊತ್ತಕ್ಕೆ ರಿಯಾಯಿತಿ ತಾನಾಗಿ ಬರುವುದಿಲ್ಲ. ಗುತ್ತಿಗೆದಾರನ ಬಿಲ್ಲುಗಳನ್ನು ಯಾವ ಸದಸ್ಯ ಬೇಕಾದರೂ ಕಚೇರಿಗೆ ಬಂದು ನೋಡಬಹುದೆಂಬ ಒಂದು ಸಾಲನ್ನು ಕರಾರಿನಲ್ಲಿ ಸೇರಿಸಿದರೆ ವಾರ್ಷಿಕ ಮಹಾಸಭೆಯ ಅರ್ಧ ಗಲಾಟೆ ತಪ್ಪುತ್ತದೆ.

ಬರುವ ಸಾಲಿಗೆ ಕಣ ಬೇಕೆನ್ನುವವರು ಕೊಯ್ಲು ಮುಗಿಯುತ್ತಿದ್ದಂತೆಯೇ ಮೇಸ್ತ್ರಿಯನ್ನು ಸ್ಥಳಕ್ಕೆ ಕರೆದು ನಕ್ಷೆ ಮಾಡಿಸಿ ಯುಗಾದಿಯ ವೇಳೆಗೆ ಕರಾರು ಬರೆಸಿಕೊಳ್ಳುವುದು ಕ್ಷೇಮ. ಏಪ್ರಿಲಿನೊಳಗೆ ಕಾಂಕ್ರೀಟು ಬಿದ್ದರೆ ಮುಂಗಾರಿಗೆ ಮೊದಲು ನೀರುಣಿಸಿ ಗಟ್ಟಿಯಾಗಲು ಕಾಲ ಸಿಕ್ಕುತ್ತದೆ. ತಡೆದಿಟ್ಟ ಕೊನೆಯ ಪಾಲನ್ನು ಮಾತ್ರ, ಆ ಕಣದ ಮೇಲೆ ಒಂದು ಮಳೆಗಾಲ ಪೂರ್ತಿ ಸುರಿದು, ಒಂದು ಕೊಯ್ಲು ಒಣಗಿ, ಎಲ್ಲಿಯೂ ನೀರು ನಿಲ್ಲದ್ದನ್ನು ನೋಡಿದ ಮೇಲೆ ಕೊಡತಕ್ಕದ್ದು.